ಎಣ್ಣೆ ಹಚ್ಚಿದ ಸ್ಕ್ರೂ

ಫ್ಯಾನು ಬದಲಿಸಿದರೆ ಎರಡು ಅಂಗಿ. ಬ್ಯಾಟರಿಗೆ ಆರು. ಡಿಸ್ಕೇ ಹೋಗಿದ್ದರೆ ಹದಿನಾಲ್ಕು ಅಂಗಿ, ಅದೂ ಕಾಲರ್ ಇರುವ ತುಂಬುತೋಳಿನ ಅಂಗಿ.

ತಂಗಿ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಳು. ಹೊಲಿಗೆ ಅಂಗಡಿಯಲ್ಲಿ ಹುಟ್ಟಿ ಬೆಳೆದವರಿಗೆ ಎಲ್ಲದಕ್ಕೂ ಅದೇ ಲೆಕ್ಕ. ಸ್ಕೂಲ್ ಫೀಸು ಇಷ್ಟು ಅಂಗಿ, ಹಲ್ಲಿನ ಡಾಕ್ಟರಿಗೆ ಇಷ್ಟು ಅಂಗಿ. ನೋಟು ಕೈಗೆ ಬರುವ ಮೊದಲೇ ಅದರ ಹಿಂದಿರುವ ಹೊಲಿಗೆ ಕಣ್ಣಿಗೆ ಬೀಳುತ್ತದೆ.

"ನಲವತ್ತು ಅಂಗಿ ಆದ್ರೂ ಹೊಲಿದು ಕೊಡ್ತೀನಿ. ಅಕ್ಕನ ಈ ಲ್ಯಾಪ್‌ಟಾಪನ್ನ ಎಬ್ಬಿಸಿ ಕೊಡಿ ಸಾಕು," ಎಂದಳು.

"ನಲವತ್ತು ಅಂಗಿ ಹಾಕ್ಕೊಂಡು ನಾನೇನು ಮದುವೆ ಆಗ್ಬೇಕಾ?" ಎಂದ ರಿಪೇರಿಯವನು. "ಮೊದಲು ಚಾರ್ಜರ್ ತಂದಿದೀರಾ ಹೇಳಿ."

ಯಾರು ಏನೇ ಕೆಟ್ಟದ್ದು ತಂದರೂ ಅವನ ಮೊದಲ ಪ್ರಶ್ನೆ ಅದೇ. ಅದಕ್ಕೇ ಬೀದಿಯವರೆಲ್ಲ ಅವನನ್ನು ಚಾರ್ಜರ್ ಎಂದೇ ಕರೆಯುತ್ತಿದ್ದರು. ಮಾತಿನ ಮಲ್ಲ. ಕೈ ಮಾತ್ರ ಬಾಯಷ್ಟು ಅವಸರ ಮಾಡುವುದಿಲ್ಲ.

ತಂಗಿಗೆ ನಗು ಬರಲಿಲ್ಲ. ಸೋಮವಾರ ಮಧ್ಯಾಹ್ನದಿಂದ ಅಕ್ಕ ಕಾಣೆ. ಇವತ್ತು ಶುಕ್ರವಾರ. ಅಕ್ಕನ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಮನೆಯ ಫ್ರಿಜ್ಜಿನಲ್ಲಿ, ಬೆಣ್ಣೆ ಡಬ್ಬಿಯ ಪಕ್ಕ, ಇಟ್ಟ ಹಾಗೇ ಇದೆ.

"ಪೊಲೀಸರು ಏನಂದ್ರು? ಇನ್ನೊಂದ್ಸಲ ಹೇಳು." ಮೂಲೆಯ ಸ್ಟೂಲಿನಿಂದ ಕೇಳಿದವರು ಇನ್ಶೂರೆನ್ಸಮ್ಮ.

ಸುಟ್ಟ ಗೋದಾಮು, ಮುಳುಗಿದ ಸರಕು, ಕಳುವಾಯಿತು ಎನ್ನುವ ಒಡವೆ, ಇವುಗಳಲ್ಲಿ ನಿಜ ಎಷ್ಟು ಎಂದು ನೋಡಿ ಬರುವುದೇ ಆಕೆಯ ಉದ್ಯೋಗವಾಗಿತ್ತು. ಈಗ ನಿವೃತ್ತಿ. ಆದರೂ ಜನ ಬಿಡುವುದಿಲ್ಲ; ಏನೇ ಕಳೆದುಹೋದರೂ ಮೊದಲು ಆಕೆಯ ಬಾಗಿಲು ತಟ್ಟುತ್ತಾರೆ.

"ಇಂಜೆಕ್ಷನ್ ಯಾವ ಮೆಡಿಕಲ್ ಶಾಪಲ್ಲಾದ್ರೂ ಸಿಗುತ್ತೆ, ತಗೊಂಡಿರ್ತಾರೆ ಅಂದ್ರು. ದೊಡ್ಡವರು, ಇಷ್ಟಪಟ್ಟು ಹೋಗಿದಾರೆ, ಪತ್ರಾನೂ ಕಳಿಸಿದಾರೆ, ನಾವೇನು ಮಾಡೋಕಾಗುತ್ತೆ ಅಂದ್ರು."

"ಆ ಪತ್ರ ತೋರಿಸು."

ತಂಗಿ ಫೋನು ಚಾಚಿದಳು. ಸೋಮವಾರ ಸಂಜೆ ಅಕ್ಕನ ನಂಬರಿನಿಂದ ಬಂದದ್ದು. ಅದಾದ ಮೇಲೆ ಆ ನಂಬರ್ ಸತ್ತಂತೆ ಬಿದ್ದಿದೆ. ಪತ್ರ ಎಂದರೆ ಮಾಮೂಲಿ ಮೆಸೇಜಲ್ಲ, ಒಂದು ಚಿತ್ರ. ಸುತ್ತ ಅಳತೆಯ ಚೌಕಟ್ಟು, ಮೂಲೆಯಲ್ಲಿ ಬಟ್ಟೆಯ ಎಳೆ ಯಾವ ಕಡೆಗೆ ಎಂದು ತೋರಿಸುವ ಬಾಣ, ನಡುವೆ ನಾಲ್ಕು ಸಾಲು.

ಅಕ್ಕ ಅಂಗಿಯ ನಕ್ಷೆ ಬರೆಯುವ ಪ್ರೋಗ್ರಾಮನ್ನು ಈ ಲ್ಯಾಪ್‌ಟಾಪಿನಲ್ಲಿ ಕಲಿತಿದ್ದಳು. ಅದೊಂದೇ ಕಲಿತಿದ್ದಳು. ಹುಟ್ಟುಹಬ್ಬದ ಹಾರೈಕೆ, ಗಿರಾಕಿಗೆ ನೆನಪೋಲೆ, ಮನೆಯ ಸಾಮಾನಿನ ಚೀಟಿ, ಎಲ್ಲವನ್ನೂ ಅದರಲ್ಲೇ ಬರೆದು ಚಿತ್ರ ಮಾಡಿ ಕಳಿಸುತ್ತಿದ್ದಳು. ಮನೆಯವರು ಎಷ್ಟು ಗೇಲಿ ಮಾಡಿದರೂ ಬಿಟ್ಟಿರಲಿಲ್ಲ.

ಇನ್ಶೂರೆನ್ಸಮ್ಮ ಗಟ್ಟಿಯಾಗಿ ಓದಿದರು. "ಬೆಳಿಗ್ಗೆ ಆದ ಮಾತಿನಿಂದ ಮನಸ್ಸು ಕೆಟ್ಟಿದೆ. ಸ್ವಲ್ಪ ದಿನ ದೂರ ಇರುತ್ತೇನೆ. ನನ್ನಿಷ್ಟದಿಂದಲೇ ಹೋಗುತ್ತಿದ್ದೇನೆ. ಹುಡುಕಬೇಡಿ."

"ಇದು ನಿಮ್ಮಕ್ಕನ ಪತ್ರಾನೇನಾ ಅಂತ ಪೊಲೀಸರು ಕೇಳಿದ್ರು," ಎಂದಳು ತಂಗಿ. "ಅಕ್ಕನೇ, ಬೇರೆ ಯಾರೂ ಹೀಗೆ ಬರೆಯಲ್ಲ ಅಂತ ನಾನೇ ಹೇಳಿದೆ. ಅವರು ಅಲ್ಲಿಗೇ ಫೈಲ್ ಮುಚ್ಚಿದ್ರು."

"ಬೆಳಿಗ್ಗೆ ಏನು ಮಾತಾಗಿತ್ತು?"

"ಬಾವನ ಜೊತೆ ಏನೋ ಸಣ್ಣ ಜಗಳ. ಏನು ಅಂತ ಅವರು ಬಾಯಿ ಬಿಡ್ತಿಲ್ಲ."

ಅಷ್ಟರಲ್ಲಿ ಚಾರ್ಜರ್ ಲ್ಯಾಪ್‌ಟಾಪನ್ನು ಮೇಜಿಗೆ ಎಳೆದುಕೊಂಡಿದ್ದ. ಹಳೆಯದು, ಭಾರ. ಕೀಲಿಗಳ ಸಂದಿಯಲ್ಲಿ ಗುರುತು ಹಾಕುವ ಸೀಮೆಸುಣ್ಣದ ಪುಡಿ. ಪರದೆಯ ಮುರಿದ ಕೀಲಿಗೆ ಅಳತೆಪಟ್ಟಿಯ ತುಂಡೊಂದನ್ನು ಅಂಟಿಸಿ ಬಿಗಿ ಮಾಡಿದ್ದರು.

ಬಟನ್ ಒತ್ತಿದ. ಫ್ಯಾನು ನಿಟ್ಟುಸಿರು ಬಿಟ್ಟಿತು. ಪರದೆಯ ಮೇಲೆ ಕಂಪನಿಯ ಗುರುತು ಮೂಡಿತು. ಅಲ್ಲೇ ನಿಂತಿತು. ಮುಂದೆ ಹೋಗಲಿಲ್ಲ, ಹಿಂದೆ ಬರಲಿಲ್ಲ.

"ಮಂಗಳವಾರ ನಾನು ತೆಗೆದು ನೋಡಿದಾಗಿಂದ ಇದೇ ಗೋಳು. ನಾನೂ ಹತ್ತಿಪ್ಪತ್ತು ಸಲ ಆಫ್ ಮಾಡಿ ಆನ್ ಮಾಡಿದೆ."

"ಇನ್ನೊಂದು ಸಲ ಮಾಡಿದ್ರೆ ನಿಮ್ಮ ಬೆರಳು ಕಟ್ ಮಾಡ್ತೀನಿ. ಏಳಲಾರದೆ ಮಲಗಿರೋರನ್ನ ಕಪಾಳಕ್ಕೆ ಹೊಡೆದು ಎಬ್ಬಿಸ್ತಾರಾ ಯಾರಾದ್ರೂ?"

ಪಕ್ಕದಲ್ಲಿ ಸಿಕ್ಕಿಸಿದ್ದ, ವೈರಿಲ್ಲದ ಮೌಸಿನ ಪುಟ್ಟ ತುಂಡು ಕಿತ್ತ. ಕ್ಯಾಮೆರಾ ಕಾರ್ಡು ಸಿಕ್ಕಿಕೊಂಡಿದೆಯೇ ನೋಡಿದ, ಇಲ್ಲ. ಬ್ಯಾಟರಿ ತೆಗೆದು, ಒಳಗೆ ಉಳಿದ ಕರೆಂಟು ಇಳಿಯಲೆಂದು ಬಟನ್ನನ್ನು ಒತ್ತಿಯೇ ಹಿಡಿದ. ಬರೀ ಚಾರ್ಜರ್ ಹಾಕಿ ಮತ್ತೆ ಶುರು ಮಾಡಿದ. ಅದೇ ಗುರುತು, ಅದೇ ಮೌನ.

"ಹೊರಗಿನವರ ತಪ್ಪಲ್ಲ, ಒಳಗಿನವರದ್ದೇ," ಎಂದು ಲ್ಯಾಪ್‌ಟಾಪನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚತೊಡಗಿದ.

ಮೊದಲನೆಯ ಸ್ಕ್ರೂ ಬೆರಳಿನಿಂದ ಜಾರಿ ಬಿತ್ತು. ಎರಡನೆಯದೂ ಜಾರಿತು. ಚಾರ್ಜರ್ ಬೆರಳು ಉಜ್ಜಿ ನೋಡಿಕೊಂಡ.

"ಇದೇನ್ರೀ ಇದು? ಜಿಡ್ಡು."

ಇನ್ಶೂರೆನ್ಸಮ್ಮ ಸ್ಟೂಲು ಬಿಟ್ಟು ಎದ್ದರು.

ಮುಚ್ಚಳ ಎತ್ತಿದಾಗ ಇನ್ನೂ ಸ್ಪಷ್ಟವಾಯಿತು. ಪ್ರತಿ ಸ್ಕ್ರೂವಿನ ತೂತಿನ ಸುತ್ತ ಎಣ್ಣೆಯ ಉಂಗುರ. ಒಂದು ಕಡೆಯಿಂದ ಅದು ಇಳಿದು ಹೋಗಿ, ಬೆರಳುದ್ದದ ಹಸಿರು ಪಟ್ಟಿಯೊಂದರ ಹಲ್ಲುಗಳಿಗೆ ಕಪ್ಪು ಮಸಿಯಾಗಿ ಮೆತ್ತಿಕೊಂಡಿತ್ತು. ಪಟ್ಟಿ ಸರಿಯಾಗಿ ಕೂತೂ ಇರಲಿಲ್ಲ, ಒಂದು ಮೂಲೆ ಮೇಲೆದ್ದಿತ್ತು.

"ಇದು ಮೆಮೊರಿ ಪಟ್ಟಿ. ಇದಿಲ್ಲದೆ ಲ್ಯಾಪ್‌ಟಾಪಿಗೆ ತನ್ನ ಹೆಸರೂ ನೆನಪಿರಲ್ಲ," ಎಂದ ಚಾರ್ಜರ್. "ಯಾರೋ ಕಿತ್ತು, ವಾಪಸ್ ಅರ್ಧಂಬರ್ಧ ತುರುಕಿದಾರೆ. ಡಿಸ್ಕೂ ಬಿಚ್ಚಿ ಹಾಕಿದಾರೆ ನೋಡಿ, ಅದರ ಸ್ಕ್ರೂಗೂ ಎಣ್ಣೆ. ಇಷ್ಟು ವರ್ಷದಲ್ಲಿ ಲ್ಯಾಪ್‌ಟಾಪಿಗೆ ಎಣ್ಣೆ ಹಾಕಿದೋರನ್ನ ನಾನು ನೋಡಿಲ್ಲ."

"ಯಾವ ಎಣ್ಣೆ?"

ಚಾರ್ಜರ್ ಮೂಗಿನ ಹತ್ತಿರ ಹಿಡಿದು ತಲೆಯಾಡಿಸಿದ. ಸ್ಕ್ರೂ ತಂಗಿಯ ಕೈಗೆ ಬಂತು. ಅವಳು ಮೂಸಿ ನೋಡಬೇಕಾಗಿಯೇ ಇರಲಿಲ್ಲ. ಅವಳ ದುಪ್ಪಟ್ಟಾ, ಅವಳ ದಿಂಬು, ಮನೆಯ ಟವೆಲು, ಎಲ್ಲದರಲ್ಲೂ ಇರುವ ವಾಸನೆ.

ಸ್ಕ್ರೂವನ್ನು ಮೇಜಿನ ಮೇಲಿಟ್ಟಳು.

"ಹೊಲಿಗೆ ಮೆಶಿನ್ ಎಣ್ಣೆ," ಎಂದಳು. "ಬಾವ ಮೆಶಿನ್ ಮೆಕ್ಯಾನಿಕ್ಕು. ಆದ್ರೆ... ಆದ್ರೆ ಬಾವ ಇದನ್ನ ಮುಟ್ಟೋದೇ ಇಲ್ಲ. ಆನ್ ಮಾಡೋಕೂ ಬರಲ್ಲ ಅಂತ ಪೊಲೀಸರ ಹತ್ರಾನೂ ಹೇಳಿದಾರೆ."

ಚಾರ್ಜರ್ ಬಿಚ್ಚಿದ ಸ್ಕ್ರೂಗಳನ್ನು ಒಂದು ಡಬ್ಬಿಗೆ ಹಾಕಿಟ್ಟ.

"ಇದರಲ್ಲಿ ಯಾರಿಗಾದ್ರೂ ಬೇಕಾಗೋ ಅಂಥದ್ದು ಏನಿದೆ?" ಇನ್ಶೂರೆನ್ಸಮ್ಮ ಮೆಲ್ಲಗೆ ಕೇಳಿದರು.

"ಅಕ್ಕನ ಹಾಸು. ಅಂಗಿಯ ತುಂಡುಗಳನ್ನ ಬಟ್ಟೆ ಮೇಲೆ ಹೇಗೆ ಜೋಡಿಸಿ ಕತ್ತರಿಸ್ಬೇಕು ಅನ್ನೋ ನಕ್ಷೆ. ಅಕ್ಕನ ಹಾಸಲ್ಲಿ ಕತ್ತರಿಸಿದ್ರೆ ಒಂದು ಥಾನು ಬಟ್ಟೆಗೆ ಒಂದು ಅಂಗಿ ಹೆಚ್ಚು ಬರುತ್ತೆ."

"ಒಂದು ಅಂಗಿ ಏನು ಮಹಾ?" ಎಂದ ಚಾರ್ಜರ್.

"ನಮಗೆ ಒಂದು ಅಂಗಿ. ದಿನಕ್ಕೆ ಸಾವಿರ ಥಾನು ಕತ್ತರಿಸೋ ಫ್ಯಾಕ್ಟರಿಗೆ?"

ಚಾರ್ಜರ್ ಪಟ್ಟಿಯ ಹಲ್ಲುಗಳಿಗೆ ಸ್ಪಿರಿಟ್ ಹಚ್ಚಿ ತಿಕ್ಕತೊಡಗಿದ. "ಒಣಗೋಕೆ ಬಿಡ್ಬೇಕು. ಎದ್ದ ತಕ್ಷಣ ಫೋನ್ ಮಾಡ್ತೀನಿ."

ತಂಗಿಯ ಹೊಲಿಗೆ ಅಂಗಡಿಗೆ ಹೋಗುವ ದಾರಿಯಲ್ಲಿ ಇನ್ಶೂರೆನ್ಸಮ್ಮ ಒಂದು ವಿಚಿತ್ರ ಕೆಲಸ ಮಾಡಿದರು. ತಮ್ಮ ಕನ್ನಡಕ ತೆಗೆದು, ಸೇಫ್ಟಿ ಪಿನ್ನಿನ ಮೊನೆಯಿಂದ ಅದರ ಕೀಲಿನ ಪುಟ್ಟ ಸ್ಕ್ರೂ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರು.

"ಯಾಕಮ್ಮಾ?"

"ಬಾಯಿ ಸುಳ್ಳು ಹೇಳುತ್ತೆ. ಕೈಗೆ ಅಷ್ಟು ಬುದ್ಧಿ ಇರಲ್ಲ. ನೀನು ಮಾತ್ರ ಒಳಗೆ ಹೋದ ಕೂಡಲೇ ಕೂಗಾಡ್ಬೇಡ."

ಹೊಲಿಗೆ ಅಂಗಡಿಯ ಮುಂಭಾಗದಲ್ಲಿ ಎರಡು ಮೆಶಿನುಗಳು ಓಡುತ್ತಿದ್ದವು. ಅಕ್ಕನ ಕತ್ತರಿಸುವ ಮೇಜಿನ ಮೇಲೆ ಯಾರೋ ಬಿಳಿ ಬಟ್ಟೆ ಹೊದಿಸಿದ್ದರು. ಅದನ್ನು ನೋಡಲಾರದೆ ತಂಗಿ ಮುಖ ತಿರುಗಿಸಿದಳು. ಹಿಂದಿನ ಕೋಣೆಯಲ್ಲಿ ಬಾವ ಒಂದು ಮೆಶಿನನ್ನು ಪಕ್ಕಕ್ಕೆ ಮಲಗಿಸಿಕೊಂಡು ಅದರ ಹೊಟ್ಟೆಯೊಳಗೆ ಕೈ ಹಾಕಿ ಕೂತಿದ್ದ. ಶೇವ್ ಮಾಡಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪು ಬಿದ್ದಿತ್ತು.

"ಏನಾದ್ರೂ ಗೊತ್ತಾಯ್ತಾ?" ಎಂದು ಎದ್ದ.

"ನೋಡ್ತಿದೀವಪ್ಪಾ. ಅದಿರ್ಲಿ, ಬರ್ತಾ ಈ ಕನ್ನಡಕ ಕೈಕೊಟ್ಟಿತು. ನಿನ್ನ ಹತ್ರ ಸಣ್ಣ ಸ್ಕ್ರೂಡ್ರೈವರ್ ಇದೆಯಾ?"

ಬಾವನಿಗೆ ಏನೋ ಒಂದು ಕೆಲಸ ಸಿಕ್ಕಿದ್ದೇ ಸಮಾಧಾನವಾದಂತಿತ್ತು. ಡ್ರಾಯರಿನಿಂದ ಹೊಚ್ಚ ಹೊಸ ಪುಟ್ಟ ಸ್ಕ್ರೂಡ್ರೈವರ್ ತೆಗೆದ. ಎಣ್ಣೆ ಡಬ್ಬಿಯ ಮೂತಿ ಒತ್ತಿ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಂಡ. ಸ್ಕ್ರೂವನ್ನು ಅದರಲ್ಲಿ ಒಂದು ಸುತ್ತು ಹೊರಳಿಸಿದ. ಆಮೇಲೆ ತಿರುಗಿಸಿದ.

"ಕನ್ನಡಕಕ್ಕೂ ಎಣ್ಣೆನಾ?" ಇನ್ಶೂರೆನ್ಸಮ್ಮ ನಕ್ಕರು.

"ಒಣ ಸ್ಕ್ರೂ ಹಾಕಿದ್ರೆ ತುಕ್ಕು ಹಿಡಿದು ಕಚ್ಕೊಳ್ಳುತ್ತಮ್ಮಾ. ನಮ್ಮಪ್ಪ ಕಲಿಸಿದ್ದು. ಒಣ ಸ್ಕ್ರೂ ಹಾಕಿದ್ರೆ ಕೈ ಮೇಲೆ ಏಟು ಬೀಳ್ತಿತ್ತು."

"ಲ್ಯಾಪ್‌ಟಾಪಿಗೂ ಹೀಗೇ ಹಾಕಿದೆಯಾ?"

ಬಾವನ ಕೈ ಅಲ್ಲೇ ನಿಂತಿತು.

ತಂಗಿಗೆ ತಡೆಯಲಾಗಲಿಲ್ಲ. "ಮುಟ್ಟೇ ಇಲ್ಲ ಅಂದ್ರಲ್ಲ ಬಾವ! ನನ್ನೆದುರೇ, ಪೊಲೀಸರೆದುರೇ ಅಂದ್ರಿ! ಅಕ್ಕನ್ನ ಏನ್ ಮಾಡಿದ್ರಿ?"

"ಏಯ್!" ಬಾವ ಹೌಹಾರಿದ. "ಏನು ಮಾತಾಡ್ತಿದೀಯ ನೀನು? ನಾನು ಅವಳನ್ನ..."

"ಮತ್ತೆ ಯಾಕೆ ಸುಳ್ಳು? ಇಂಜೆಕ್ಷನ್ ಇಲ್ಲದೆ ಅವಳು ಎಷ್ಟು ದಿನ ಇರ್ತಾಳೆ ಅಂತ ನಿಮಗೆ ಗೊತ್ತಿಲ್ವಾ? ದಿನಾ ನೀವೇ ಚುಚ್ಚೋದಲ್ವಾ?"

ಆ ಮಾತು ಅವನನ್ನು ಕುಸಿದು ಕೂರುವಂತೆ ಮಾಡಿತು. ಎಣ್ಣೆ ಕೈಯಲ್ಲೇ ಮುಖ ಒರೆಸಿಕೊಂಡ. ಕೆನ್ನೆಯ ಮೇಲೆ ಕಪ್ಪು ಗೆರೆ ಮೂಡಿತು.

"ಕೂಗಬೇಡಮ್ಮಾ," ಎಂದರು ಇನ್ಶೂರೆನ್ಸಮ್ಮ ತಂಗಿಗೆ. ಬಾವನ ಎದುರಿಗೆ ಒಂದು ನೂಲಿನ ಪೆಟ್ಟಿಗೆ ಎಳೆದುಕೊಂಡು ಕೂತರು. "ಹೇಳಪ್ಪಾ. ನಾನು ಪೊಲೀಸಲ್ಲ. ಯಾವಾಗ ಬಿಚ್ಚಿದೆ?"

"ಭಾನುವಾರ ಸಂಜೆ. ಅವಳು ಸ್ನಾನಕ್ಕೆ ಹೋಗಿದ್ಲು."

"ಯಾಕೆ?"

"ಅಂಗಿ ಫ್ಯಾಕ್ಟರಿಯವರು ಅವಳನ್ನ ಕರೀತಿದ್ರು. ಹಾಸು ಕೊಡು, ನೀನೂ ಬಾ, ಅಂತ. ಅವಳು ಒಲ್ಲೆ ಅಂತಿದ್ಲು. ನಾನು ನಂಬಲಿಲ್ಲ. ಅಲ್ಲಿ ಎ.ಸಿ. ರೂಮು, ಕಾರು. ಇಲ್ಲಿ ನಾನು, ಈ ಎಣ್ಣೆ ಡಬ್ಬಿ. ಡಿಸ್ಕ್ ಇಲ್ದಿದ್ರೆ ಎಲ್ಲಿಗೂ ಹೋಗಲ್ಲ ಅಂದ್ಕೊಂಡೆ." ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಯಾವುದು ಡಿಸ್ಕ್ ಅಂತಾನೇ ಗೊತ್ತಿಲ್ಲ ನಂಗೆ. ಮೊದಲು ಒಂದು ಹಸಿರು ಪಟ್ಟಿ ಕಿತ್ತೆ. ಆಮೇಲೆ ಡಿಸ್ಕ್ ಸಿಕ್ತು. ಕೈಯಲ್ಲಿ ಹಿಡ್ಕೊಂಡೆ. ಅವಳ ಇಷ್ಟು ವರ್ಷದ ಕೆಲಸ ಅದರಲ್ಲಿದೆ ಅನ್ನಿಸ್ತು. ಆಗಲಿಲ್ಲ. ಎಲ್ಲಾ ಇದ್ದ ಹಾಗೇ ವಾಪಸ್ ಹಾಕಿಬಿಟ್ಟೆ."

"ಇದ್ದ ಹಾಗೇ ಅಲ್ಲ," ಎಂದರು ಇನ್ಶೂರೆನ್ಸಮ್ಮ. "ಎಣ್ಣೆ ಹಚ್ಚಿ."

"ಸೋಮವಾರ ಬೆಳಿಗ್ಗೆ ಅದು ಏಳಲಿಲ್ಲ. ಅವಳು ನನ್ನ ಮುಖ ನೋಡಿದ್ಲು, ಅಷ್ಟೇ, ಗೊತ್ತಾಗಿಹೋಯ್ತು ಅವಳಿಗೆ. ನಾನು ಒಪ್ಕೊಳ್ಳಲಿಲ್ಲ. ಜಗಳ ಆಯ್ತು. ಮಧ್ಯಾಹ್ನ ಗುಂಡಿ ತರ್ತೀನಿ ಅಂತ ಹೋದೋಳು ಬರಲಿಲ್ಲ. ಸಂಜೆ ಪತ್ರ ಬಂತು. ನನ್ನಿಂದಾನೇ ಹೋದ್ಲು ಅಂತ ಹೇಗೆ ಹೇಳ್ಲಿ? ಯಾವ ಮುಖ ಇಟ್ಕೊಂಡು ಹೇಳ್ಲಿ?"

ಇನ್ಶೂರೆನ್ಸಮ್ಮನ ಫೋನು ರಿಂಗಾಯಿತು. ಚಾರ್ಜರ್. ಸ್ಪೀಕರಿಗೆ ಹಾಕಿದರು.

"ಎದ್ದಿತು ಕಣಮ್ಮಾ! ಮಗು ತರ ಕಣ್ಣು ಬಿಡ್ತು. ಡಿಸ್ಕಲ್ಲಿ ಎಲ್ಲಾ ಭದ್ರವಾಗಿದೆ. ಕೊನೇ ಸಲ ಯಾವಾಗ ಕೆಲಸ ಮಾಡಿತ್ತು ಅಂತ ಅದರ ಒಳಗೇ ಬರ್ಕೊಂಡಿರುತ್ತೆ, ನೋಡಿದೆ. ಭಾನುವಾರ ಸಂಜೆ ಸರಿಯಾಗಿ ಮುಚ್ಚಿದಾರೆ. ಆಮೇಲೆ ಒಂದೇ ಒಂದು ಸಲಾನೂ ಪೂರ್ತಿ ಶುರುವಾಗಿಲ್ಲ."

"ಸೋಮವಾರ?"

"ಸೋಮವಾರ ಇದು ಹೆಣ. ಒಂದು ಗೆರೆ ಎಳೆಯೋಕೂ ಆಗ್ತಿರಲಿಲ್ಲ."

ಇನ್ಶೂರೆನ್ಸಮ್ಮ ಫೋನು ಇಟ್ಟರು. ತಂಗಿಗೆ ಒಮ್ಮೆಲೇ ಹೊಳೆಯಿತು.

"ಆ ಪ್ರೋಗ್ರಾಮು ಅಕ್ಕನ ಹತ್ರ ಇದೊಂದರಲ್ಲೇ ಇರೋದು," ಎಂದಳು. "ಪತ್ರದಲ್ಲಿ ಬೆಳಿಗ್ಗೆಯ ಜಗಳದ ಮಾತಿದೆ. ಅಂದ್ರೆ ಅದನ್ನ ಬರೆದಿದ್ದು ಜಗಳ ಆದ ಮೇಲೆ. ಅಷ್ಟೊತ್ತಿಗೆ ಇದು ಕೆಟ್ಟುಹೋಗಿತ್ತು."

"ಹೌದು. ಬೇರೆ ಎಲ್ಲೋ, ಅದೇ ಪ್ರೋಗ್ರಾಮು ಇರೋ ಬೇರೆ ಕಂಪ್ಯೂಟರಲ್ಲಿ ಬರೆದಿದಾರೆ. ನಿಮ್ಮಕ್ಕನ ಪದ್ಧತಿ ಗೊತ್ತಿರೋರು. ನೋಡಿದ ಕೂಡಲೇ ನೀನು ಅಕ್ಕಂದೇ ಅಂತೀಯ ಅನ್ನೋದೂ ಗೊತ್ತಿರೋರು." ಇನ್ಶೂರೆನ್ಸಮ್ಮ ಬಾವನ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. "ಭಾನುವಾರವೇ ಇದು ಕೆಟ್ಟಿತ್ತು ಅಂತ ಪೊಲೀಸರಿಗೆ ನೀನು ಒಂದು ಮಾತು ಹೇಳಿದ್ರೆ, ಪತ್ರ ಸುಳ್ಳು ಅಂತ ಆವತ್ತೇ ತಿಳೀತಿತ್ತು."

ಬಾವ ಎಣ್ಣೆ ಡಬ್ಬಿಯನ್ನು ದೂರ ತಳ್ಳಿದ.

"ಈಗ ಸರಿಯಾಗಿ ಯೋಚನೆ ಮಾಡು. ಬೆಳಿಗ್ಗೆ ಜಗಳ ಆಗಿದ್ದು ನೀನು ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ. ನೂಲಿನವನಿಗೆ ಬಿಟ್ಟು."

"ಯಾರದು?"

"ನಮಗೆಲ್ಲ ನೂಲು, ಗುಂಡಿ ತಂದು ಹಾಕೋನು," ಎಂದಳು ತಂಗಿ. "ಪ್ರತಿ ಗುರುವಾರ ಬರ್ತಾನೆ, ಅಕ್ಕ ಅವನಿಗೂ ಚೀಟಿ ಹೀಗೇ ಚಿತ್ರ ಮಾಡಿ ಕಳಿಸ್ತಿದ್ಲು. ನಿನ್ನೆ ಬರಲಿಲ್ಲ. ಫ್ಯಾಕ್ಟರಿಗೂ ಅವನೇ ಹಾಕೋದು."

ಇನ್ಶೂರೆನ್ಸಮ್ಮ ಡ್ರಾಯರಿನ ಮೇಲಿದ್ದ ಪುಟ್ಟ ಸ್ಕ್ರೂಡ್ರೈವರ್ ಎತ್ತಿಕೊಂಡರು. "ಇದು ಹೊಸದು. ಮೆಶಿನ್ ಕೆಲಸಕ್ಕೆ ಬರಲ್ಲ. ಎಲ್ಲಿಂದ ಬಂತು?"

ಬಾವ ತಲೆ ತಗ್ಗಿಸಿದ. "ಅವನೇ ಕೊಟ್ಟ. ಅವಳು ಹೋಗ್ತಾಳೆ, ಎಲ್ಲಾ ಮಾತಾಗಿದೆ ಅಂತ ಹೇಳಿದ್ದೂ ಅವನೇ. ಡಿಸ್ಕ್ ಬಿಚ್ಚಿ ನನ್ನ ಕೈಗೆ ಕೊಡು, ಜೋಪಾನವಾಗಿ ಇಟ್ಟಿರ್ತೀನಿ, ಆಮೇಲೆ ನೋಡು ಅವಳು ಹೇಗೆ ಹೋಗ್ತಾಳೆ ಅಂದ. ಸೋಮವಾರ ಬೆಳಿಗ್ಗೆ ನಾನೇ ಫೋನ್ ಮಾಡಿ ಬೈದೆ. ಮನೇಲಿ ಜಗಳ ಆಯ್ತು ನಿನ್ನಿಂದ, ಡಿಸ್ಕ್ ಕೊಡಲ್ಲ, ಅದು ಬಿಟ್ರೆ ಎಲ್ಲಾ ಹಾಸೂ ಇರೋದು ಅವಳ ತಲೇಲಿ ಮಾತ್ರ ಅಂದೆ."

"ಏನಂದೆ?"

"ಎಲ್ಲಾ ಅವಳ ತಲೇಲಿದೆ ಅಂ..."

ತನ್ನ ಆ ಮಾತಿಗೇ ಅವಳನ್ನು ಹೊತ್ತೊಯ್ದರೆಂದು ಅವನಿಗೂ ಆಗ ಅರ್ಥವಾಯಿತು. ಇನ್ಶೂರೆನ್ಸಮ್ಮ ತಡೆಯುವ ಮೊದಲೇ ಜೇಬಿನಿಂದ ಫೋನು ತೆಗೆದು ನೂಲಿನವನ ನಂಬರ್ ಒತ್ತಿ ಸ್ಪೀಕರಿಗೆ ಹಾಕಿಬಿಟ್ಟಿದ್ದ.

"ಬೇಡ, ಇಡು ಅದನ್ನ," ಎಂದು ಅವರು ಕೈ ಚಾಚುವಷ್ಟರಲ್ಲಿ ಆ ಕಡೆಯವರು ಎತ್ತಿದರು. ಹಲೋ ಎನ್ನಲಿಲ್ಲ.

"ಏನು? ಡಿಸ್ಕ್ ಸಿಕ್ತಾ?"

ಹೆಂಡತಿಯನ್ನು ಬಿಡಿಸಿಕೊಳ್ಳಲು ಬಾವನಿಗೆ ತೋಚಿದ್ದು ಒಂದೇ ದಾರಿ.

"ಸಿಕ್ತು," ಎಂದ. "ನನ್ನ ಹತ್ರಾನೇ ಇದೆ. ತಂದುಕೊಡ್ತೀನಿ. ಈಗಲೇ ತಂದುಕೊಡ್ತೀನಿ."

ಆ ಕಡೆ ಅಂಗೈಯಿಂದ ಫೋನು ಮುಚ್ಚಿದ ಗರಗರ ಸದ್ದು. ನೂಲಿನವನು ತನ್ನ ಪಕ್ಕದಲ್ಲಿರುವ ಯಾರಿಗೋ ಹೇಳಿದ ಮಾತು ಮೂವರಿಗೂ ಕೇಳಿಸಿತು.

"ಸಿಕ್ಕಿತಂತೆ. ಹಾಗಾದ್ರೆ ಇನ್ನು ಇವಳು ಬೇಕಾಗಿಲ್ಲ."

ಲೈನು ಕಡಿಯಿತು.

ಅಕ್ಕ ಬದುಕಿದ್ದಾಳೆಂದು ತಿಳಿಯಿತು. ಅವಳನ್ನು ಬದುಕಿಸಿಟ್ಟುಕೊಳ್ಳಲು ಅವರಿಗಿದ್ದ ಒಂದೇ ಕಾರಣ ಕಳೆದುಹೋಯಿತು.